ಮಾಮನಿಗೆ ಸಿಂಗಾಪುರ ತೋರಿಸಿದ್ದು

ನನ್ನ ಸೋದರಮಾವ ಮೈಸೂರಿನಲ್ಲಿ ಟೂರಿಸ್ಟ್ ಗೈಡ್ ಆಗಿದ್ದವರು. ಅರಮನೆ, ಶ್ರೀರಂಗಪಟ್ಟಣ, ಸೋಮನಾಥಪುರ ಅಂತ ಮೂವತ್ತು ವರ್ಷಕ್ಕೂ ಮೇಲೆ ಜನರನ್ನು ಸುತ್ತಾಡಿಸಿ, ಮಾತಾಡಿಯೇ ಸಂಸಾರ ನಡೆಸಿದರು. ಅವರಿಗೆ ಮೈಕು ಬೇಕಿರಲಿಲ್ಲ. ಸೋಮನಾಥಪುರದ ಜಗತಿಯ ಮೇಲೆ ನಿಂತು ಶುರು ಮಾಡಿದರೆ ಗೇಟಿನ ಹೊರಗೆ ಎಳನೀರು ಕುಡಿಯುತ್ತಿದ್ದವರಿಗೂ ಕೇಳಿಸುತ್ತಿತ್ತು. ಗಂಟಲಿನ ಆಪರೇಷನ್ ಆದಮೇಲೆ ಆ ದನಿ ಹೋಯಿತು. ಉಳಿದದ್ದು ಬರೀ ಪಿಸುಮಾತು. ವಾಪಸ್ ಬರುತ್ತದೋ ಇಲ್ಲವೋ, ಕಾದು ನೋಡಬೇಕು ಎಂದಿದ್ದರು ಡಾಕ್ಟರು.

ಅತ್ತೆ ಫೋನ್ ಮಾಡಿ, "ಮನೇಲಿ ಯಾರಾದ್ರೂ ಬಂದ್ರೆ ಎದ್ದು ರೂಮಿಗೆ ಹೋಗ್ಬಿಡ್ತಾರೆ ಕಣೆ. ಸ್ವಲ್ಪ ದಿನ ನಿನ್ನ ಹತ್ರ ಕರೆಸ್ಕೋ. ಹೊಸ ಜಾಗ ನೋಡಿದ್ರೆ ಮನಸ್ಸು ತಿರುಗ್ಬಹುದು," ಅಂದರು.

ಹಾಗೆ ಮಾಮ ಸಿಂಗಾಪುರದ ಬುಕಿತ್ ಬಾಟೋಕಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದರು. ಜಗತ್ತಿನ ಎಷ್ಟೋ ದೇಶದವರಿಗೆ ನಮ್ಮ ನಾಡನ್ನು ತೋರಿಸಿದ್ದ ಮನುಷ್ಯ ವಿಮಾನ ಹತ್ತಿದ್ದು ಅದೇ ಮೊದಲು. ನನ್ನ ಗಂಡನಿಗೆ ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸಿನಲ್ಲಿ ಶಿಫ್ಟ್ ಕೆಲಸ, ರಜೆ ಸಿಗಲಿಲ್ಲ. ನಾನೇ ಆಫೀಸಿಗೆ ರಜೆ ಹಾಕಿ ಅವರನ್ನು ಸುತ್ತಾಡಿಸಲು ಹೊರಟೆ.

ಮೊದಲ ದಿನ ಎಲ್ಲರಂತೆ ಮರ್ಲಯನ್ ಹತ್ತಿರ ಕರೆದುಕೊಂಡು ಹೋದೆ. ಬಿಳಿ ವಿಗ್ರಹ ಕೊಲ್ಲಿಯ ಕಡೆಗೆ ನೀರು ಉಗುಳುತ್ತಿತ್ತು. "ಇದು ಮರ್ಲಯನ್ ಮಾಮ. ತಲೆ ಸಿಂಹದ್ದು, ಮೈ ಮೀನಿಂದು," ಅಂದೆ.

ಮಾಮ ತಲೆಯಾಡಿಸಿ ಕಾದರು. ನನಗೆ ಗೊತ್ತಿದ್ದದ್ದೇ ಅಷ್ಟು.

"ಅಷ್ಟೇನಾ?" ಎಂದರು ಪಿಸುದನಿಯಲ್ಲಿ.

"ಅಷ್ಟೇ."

"ಸರಿ, ಹಾಗಾದ್ರೆ ಫೋಟೋ ತೆಗಿ."

ನನಗೆ ನಗು ಬಂತು, ಮುಖವೂ ಬಿಸಿಯಾಯಿತು. ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ, ಬಂದ ನೆಂಟರನ್ನೆಲ್ಲ ಇಲ್ಲಿಗೆ ತಂದು ನಿಲ್ಲಿಸಿ, ಫೋಟೋ ತೆಗೆದು, ಕಾಫಿ ಕುಡಿಸಿ ಕಳಿಸಿದ್ದೆ. ಯಾರೂ "ಅಷ್ಟೇನಾ" ಅಂತ ಕೇಳಿರಲಿಲ್ಲ. ಅವತ್ತು ಮನೆಗೆ ಬಂದವಳೇ ಓದಲು ಶುರು ಮಾಡಿದೆ. ಸಿಂಗಾಪುರ ಎಂದರೆ ಸಿಂಹಪುರ, ಆದರೆ ಈ ದ್ವೀಪದ ಕಾಡಿನಲ್ಲಿ ಸಿಂಹ ಯಾವ ಕಾಲಕ್ಕೂ ಇರಲಿಲ್ಲ, ಇದ್ದದ್ದು ಹುಲಿ ಎನ್ನುವುದು ಸಿಕ್ಕಿತು. ಮಾರನೆ ದಿನ ಬೆಳಗ್ಗೆ ಉಪ್ಪಿಟ್ಟು ಬಡಿಸುತ್ತಾ ಹೇಳಿದೆ. ಮಾಮನಿಗೆ ತುಂಬಾ ಇಷ್ಟವಾಯಿತು.

"ಇದನ್ನ ಅಲ್ಲೇ ಹೇಳ್ಬೇಕಿತ್ತು ನೀನು. ಜನ ನಗೋರು. ನಕ್ಕ ಮೇಲೆ ಏನು ಹೇಳಿದ್ರೂ ಕೇಳ್ತಾರೆ."

ಆಮೇಲೆ ನಮ್ಮ ತಿರುಗಾಟದ ದಾರಿ ಬದಲಾಯಿತು. ಅವರಿಗೆ ದೊಡ್ಡ ಕಟ್ಟಡಗಳಿಗಿಂತ ಜನ ಹೇಗೆ ಬದುಕುತ್ತಾರೆ ಎನ್ನುವುದು ಮುಖ್ಯವಾಗಿತ್ತು. ನಮ್ಮ ಬ್ಲಾಕಿನ ಕೆಳಗೆ, ಎಲ್ಲ ಸರ್ಕಾರಿ ವಸತಿ ಕಟ್ಟಡಗಳಿಗೂ ಇರುವಂತೆ, ಗೋಡೆಯಿಲ್ಲದ ಖಾಲಿ ಜಾಗವಿದೆ. ವಾಯ್ಡ್ ಡೆಕ್ ಅನ್ನುತ್ತೇವೆ. ಅವರು ಬಂದ ವಾರ ಅಲ್ಲಿ ಒಂದು ಮಲಯ್ ಮದುವೆ ನಡೆಯಿತು. ಡೋಲು ಬಾರಿಸುತ್ತಾ ವರನನ್ನು ಕರೆತಂದರು, ದೊಡ್ಡ ಪಾತ್ರೆಗಳಲ್ಲಿ ಅನ್ನ ಬೆಂದಿತು, ದಾರಿಹೋಕರಿಗೂ ನಗುಮುಖದ ಸ್ವಾಗತವಿತ್ತು. ಮುಂದಿನ ವಾರ ಅದೇ ಜಾಗದಲ್ಲಿ ಪರದೆ ಕಟ್ಟಿ ಚೀನೀ ಅಜ್ಜರೊಬ್ಬರ ಅಂತ್ಯಕ್ರಿಯೆಯ ಪೂಜೆ ನಡೆಸಿದರು. ಊದುಬತ್ತಿಯ ಹೊಗೆ ನಮ್ಮ ಕಾರಿಡಾರ್ ತನಕ ಬರುತ್ತಿತ್ತು. ಮಾಮ ಲಿಫ್ಟಿನ ಬಾಗಿಲಲ್ಲಿ ನಿಂತು ಕೈಮುಗಿದರು. "ಮದುವೆಗೂ ಇದೇ, ಸಾವಿಗೂ ಇದೇ. ಇಷ್ಟು ಸಣ್ಣ ದೇಶದಲ್ಲಿ ಹೊಂದ್ಕೊಂಡು ಹೋಗೋದು ಅಂದ್ರೆ ಹೀಗೆ," ಎಂದರು.

ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಖಾಲಿ ಮೇಜುಗಳ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟಿದ್ದು ಕಂಡು, ಯಾರೋ ಮರೆತು ಹೋಗಿದ್ದಾರೆ ಎಂದು ಎತ್ತಿಕೊಂಡುಬಿಟ್ಟರು. ಜೊತೆಗೆ ಬಂದಿದ್ದ ನನ್ನ ಮಗಳು ಓಡಿಹೋಗಿ ವಾಪಸ್ ಇಡಿಸಿದಳು. "ತಾತ, ಕಾಂಟ್ ಲಾ! ಅದು ಸೀಟ್ ಬುಕ್ ಮಾಡಿರೋದು."

"ಓಹೋ, ನಮ್ಮೂರ ಬಸ್ಸಲ್ಲಿ ಟವೆಲ್ ಹಾಕೋ ಹಾಗೆ," ಎಂದು ಮಾಮ ನಿರಾಳವಾದರು. ಅವತ್ತು ಅವರು ತಿಂದದ್ದು ಅಪ್ಪಂ. ತೆಂಗಿನಹಾಲು ನಮ್ಮದಕ್ಕಿಂತ ಸಿಹಿ ಎಂದು ದೂರಿದರು. ಆದರೆ ಎರಡನೆಯದನ್ನೂ ತರಿಸಿಕೊಂಡರು.

ಬೊಟಾನಿಕಲ್ ಗಾರ್ಡನ್‌ಗೆ ಮಾತ್ರ ಮತ್ತೆ ಮತ್ತೆ ಹೋದೆವು. ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ, ಮರಗಳ ಬೋರ್ಡುಗಳನ್ನು ಓದುತ್ತಾ ಸುತ್ತುವುದು. ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಕೇಳುತ್ತಿದ್ದರು. ಟೆಂಬುಸು ಅಂತ ಒಂದು ಭಾರೀ ಹಳೇ ಮರ, ಕೊಂಬೆ ನೆಲಕ್ಕೆ ಬಾಗಿ ಮತ್ತೆ ಮೇಲಕ್ಕೆ ಹೋಗಿದೆ. ಅದರ ಮುಂದೆ ನಿಂತು ನಾನು ಒಪ್ಪಿಸಿದ್ದನ್ನು ಕೇಳಿ, "ವಾಕ್ಯ ಚಿಕ್ಕದು ಮಾಡು. ನಿಂತು ಕೇಳೋರಿಗೆ ಕಾಲು ನೋಯುತ್ತೆ," ಎಂದು ತಿದ್ದುತ್ತಿದ್ದರು.

ಒಂದು ಭಾನುವಾರ ಅಲ್ಲಿನ ಕೆರೆಯ ಪಕ್ಕ ಕನ್ನಡ ಕೇಳಿಸಿತು. ಇಪ್ಪತ್ತು ಜನ ಇರಬಹುದು, ಎಲ್ಲರೂ ಅರವತ್ತು ದಾಟಿದವರು. ದಾವಣಗೆರೆಯಿಂದ ಪ್ಯಾಕೇಜ್ ಟೂರಿನಲ್ಲಿ ಬಂದವರಂತೆ. ಅವರಲ್ಲಿ ಒಬ್ಬರು ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಅವರನ್ನು ಗೈಡ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಇಲ್ಲೇ ಕೂತಿರಿ, ಬರುತ್ತೇನೆ ಅಂದಿದ್ದನಂತೆ. ಹೊತ್ತಾಗಿತ್ತು. ಕೆಲವರು ಬೇಜಾರಾಗಿ ಬೆಂಚಿನ ಮೇಲೆ ಒರಗಿದ್ದರು. ಇಬ್ಬರು ಗಂಡಸರು ಟೂರಿನವರನ್ನು ಬೈಯುತ್ತಿದ್ದರು. ಒಬ್ಬ ಹೆಂಗಸು ಬಾಳೆಹಣ್ಣು ಹಂಚುತ್ತಿದ್ದರು, ನಮಗೂ ಕೊಟ್ಟರು.

ಮಾಮ ನನ್ನ ತೋಳು ಹಿಡಿದರು. "ಇವರನ್ನ ಸುಮ್ನೆ ಕೂರಿಸ್ಬಾರ್ದು. ಕೂತಷ್ಟೂ ಸಿಟ್ಟು ಏರುತ್ತೆ. ಆ ಮಳೆಮರದ ಕೆಳಗೆ ಕರ್ಕೊಂಡು ಬಾ. ನೀನು ಬಿಸಿಲಿಗೆ ಮುಖ ಮಾಡಿ ನಿಂತ್ಕೋ, ಅವರ ಬೆನ್ನಿಗೆ ಬಿಸಿಲಿರ್ಲಿ."

"ನಾನಾ? ನಂಗೆ ಬರಲ್ಲ ಮಾಮ."

"ನಾನು ಹೇಳ್ತೀನಿ. ನೀನು ಕೂಗು."

ಆಫೀಸಿನ ಮೀಟಿಂಗಿನಲ್ಲಿ ಎಷ್ಟೋ ಸಲ ಮಾತಾಡಿದ್ದೇನೆ, ಆದರೆ ಹೀಗೆ ಬಯಲಲ್ಲಿ ನಿಂತು ಕೂಗಿದವಳಲ್ಲ. ಎಲ್ಲರನ್ನೂ ಕರೆದೆ. ಬಂದರು, ಸ್ವಲ್ಪ ಅನುಮಾನದಿಂದಲೇ. ಮಾಮ ನನ್ನ ಕಿವಿಯ ಪಕ್ಕ ನಿಂತು ಒಂದೊಂದೇ ಮಾತು ಹೇಳಿದರು, ನಾನು ಅದನ್ನು ಎತ್ತಿ ಹೇಳಿದೆ. ಮಳೆಮರದ ಎಲೆ ಸಂಜೆಗೆ, ಮೋಡ ಕವಿದಾಗ ಮಡಚಿಕೊಳ್ಳುವುದು. ನಮ್ಮೂರಿನ ರಸ್ತೆಗಳಲ್ಲೂ ಇರುವ ಇದೇ ಮರ ಎರಡೂ ಕಡೆಗೆ ಪರದೇಶಿಯೇ ಎನ್ನುವುದು. ಅಲ್ಲಿಂದ ನಾಗಲಿಂಗ ಪುಷ್ಪದ ಮರದ ಹತ್ತಿರ ನಡೆಸಿಕೊಂಡು ಹೋದೆವು. ಬುಡದಿಂದಲೇ ಹೂ ಬಿಟ್ಟಿತ್ತು. ಹೆಂಗಸರು ಹಣೆ ಮುಟ್ಟಿಕೊಂಡು ನಮಸ್ಕಾರ ಮಾಡಿದರು.

"ಇದರ ತವರು ಯಾವುದು ಹೇಳಿ?" ಎಂದು ನನ್ನ ಬಾಯಲ್ಲಿ ಕೇಳಿಸಿದರು ಮಾಮ.

"ನಮ್ಮದಾ ಅಲ್ಲೇನ್ರಿ? ಶಿವನ ಗುಡಿ ಮುಂದ ಇರ್ತೈತಿ."

"ದಕ್ಷಿಣ ಅಮೆರಿಕ."

ಬಾಳೆಹಣ್ಣಿನ ಹೆಂಗಸು ಸೊಂಟಕ್ಕೆ ಕೈಯಿಟ್ಟರು. "ಹಂಗಾದ್ರ ಶಿವನೂ ಅಲ್ಲಿಂದ ಬಂದಾನೇನು?"

ಮಾಮ ತಡ ಮಾಡಲಿಲ್ಲ. ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಕೂಗಿದೆ: "ಶಿವ ಎಲ್ಲೂ ಹೋಗ್ಲಿಲ್ಲ ಅಮ್ಮ, ಹೂವೇ ಅವನನ್ನ ಹುಡುಕ್ಕೊಂಡು ಬಂತು." ಎಲ್ಲರೂ ನಕ್ಕರು. ಬೈಯುತ್ತಿದ್ದ ಗಂಡಸರೂ ಮುಂದೆ ಬಂದು ನಿಂತರು.

ಅಷ್ಟರಲ್ಲಿ ಕೆರೆಯ ಕಡೆಯಿಂದ ಒಂದು ಉಡ ನಿಧಾನವಾಗಿ ಹುಲ್ಲಿನ ಮೇಲೆ ಹತ್ತಿ ಬಂತು. ಆಳುದ್ದದ್ದು, ನಾಲಗೆ ಚಾಚುತ್ತಾ ನೇರ ನಮ್ಮ ಕಡೆಗೇ. ಯಾರೋ "ಮೊಸಳೆ!" ಎಂದು ಕಿರುಚಿದರು. ಹಿಂದಿದ್ದವರು ಓಡಲು ತಿರುಗಿದರು, ಒಬ್ಬ ಅಜ್ಜಿ ಸೀರೆ ಕಾಲಿಗೆ ಸಿಕ್ಕಿ ಮುಗ್ಗರಿಸಿದರು. ಮಾಮ ಏನೋ ಹೇಳಲು ಬಾಯಿ ತೆರೆದರು. ಗಾಳಿಯಷ್ಟೇ ಬಂತು. ಅವರ ಕುತ್ತಿಗೆಯ ನರ ಉಬ್ಬಿದ್ದು, ಕಣ್ಣಲ್ಲಿ ನೀರಾಡಿದ್ದು ಕಂಡೆ. ನಾನು ಅವರ ಮಾತಿಗೆ ಕಾಯಲಿಲ್ಲ.

"ಯಾರೂ ಓಡ್ಬೇಡಿ! ಮೊಸಳೆ ಅಲ್ಲ, ಉಡ! ಉಡದ ಪಟ್ಟು ಅಂತೀವಲ್ಲ, ಆ ಉಡ. ದಾರಿ ಬಿಡಿ, ಅದರ ಪಾಡಿಗೆ ಅದು ಹೋಗುತ್ತೆ!"

ನನ್ನ ದನಿ ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಜನ ನಿಂತರು. ಅಜ್ಜಿಯನ್ನು ಮಾಮ ಕೈಹಿಡಿದು ನಿಲ್ಲಿಸಿಕೊಂಡರು. ಉಡ ನಮ್ಮ ನಡುವೆಯೇ ಹಾದು, ಪೊದೆಯೊಳಗೆ ಹೋಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಮುಂದಿನ ಅರ್ಧ ಗಂಟೆ ನಾನೇ ಹೇಳಿದೆ. ಬ್ರೆಜಿಲಿನ ರಬ್ಬರ್ ಸಸಿಗಳು ಈ ತೋಟದಲ್ಲಿ ಬೇರು ಬಿಟ್ಟ ಮೇಲೆಯೇ ಸುತ್ತಮುತ್ತಲ ದೇಶಗಳೆಲ್ಲ ರಬ್ಬರ್ ತೋಟಗಳಾದವು ಎನ್ನುವ ಕಥೆ. ಮಾಮ ಪಕ್ಕದಲ್ಲಿ ನಿಂತು ಕೇಳಿದರು, ಒಂದು ಸಲವೂ ತಿದ್ದಲಿಲ್ಲ.

ಗೈಡ್ ಬಂದ. ಉಳುಕಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸೂ ಬಂದರು. ಉಡ ನೋಡಲು ಸಿಗಲಿಲ್ಲ ಎಂದು ಅವರಿಗೆ ಬೇಸರ. ಎಲ್ಲರೂ ಬಸ್ಸಿಗೆ ಹೊರಟರು. ಬೈಯುತ್ತಿದ್ದವರಲ್ಲಿ ಒಬ್ಬರು ಮಾಮನ ಕೈ ಹಿಡಿದು, "ನೀವು ಮೇಷ್ಟ್ರೇನ್ರಿ?" ಎಂದು ಕೇಳಿದರು.

ಮಾಮ ಅಲ್ಲ ಎಂದು ತಲೆಯಾಡಿಸಿ ನನ್ನ ಕಡೆ ನೋಡಿದರು. "ಗೈಡು," ಅಂದೆ ನಾನು. "ಮೈಸೂರಿನಲ್ಲಿ."

ಆ ಮೇಲೆ ರೈಲಿನಲ್ಲಿ ಮನೆಗೆ ಹೊರಟೆವು. ನನಗೆ ಸಂಕಟವಾಗಿತ್ತು, ಬಾಯಿ ತೆರೆದಾಗ ದನಿ ಬಾರದ್ದನ್ನು ಮಾಮ ಇಷ್ಟು ಜನರ ಮುಂದೆ ಅನುಭವಿಸಬೇಕಾಯಿತಲ್ಲ ಎಂದು. ಸ್ಟೇಷನ್ ಹತ್ತಿರ ಬಂದಾಗ ಅವರೇ ಹೇಳಿದರು: "ಅತ್ತೇನ ಕೇಳು, ನಮ್ಮ ಗೈಡ್‌ಗಳ ಅಸೋಸಿಯೇಷನ್ನಿಗೆ ಹೊಸ ಹುಡುಗೀರು ಸೇರಿದಾರೆ. ಕಲಿಸ್ಕೊಡಿ ಅಂತ ಕೇಳಿದ್ರು. ದನಿ ಇಲ್ಲದೋನು ಏನು ಕಲಿಸ್ಲಿ ಅಂತ ಕಳಿಸ್ಬಿಟ್ಟಿದ್ದೆ. ಹೋಗಿ ಮತ್ತೆ ಕರೀತೀನಿ."

ಮಾಮ ಊರಿಗೆ ಹೊರಡುವ ಹಿಂದಿನ ದಿನ ಸೆಂಬವಾಂಗ್‌ನ ಬಿಸಿನೀರಿನ ಬುಗ್ಗೆಗೆ ಹೋಗಿದ್ದೆವು. ನೆಲದೊಳಗಿಂದ ಕುದಿಯುವ ನೀರು ಬರುತ್ತದೆ. ಜನ ಬಕೆಟ್ಟುಗಳಲ್ಲಿ ತುಂಬಿಕೊಂಡು, ತಣ್ಣೀರು ಬೆರೆಸಿ, ಕಾಲಿಟ್ಟುಕೊಂಡು ಕೂರುತ್ತಾರೆ. ಕೆಲವರು ಮೊಟ್ಟೆ ಬೇಯಿಸಿಕೊಳ್ಳುತ್ತಾರೆ. ನಾವು ಬಕೆಟ್ ತಂದಿರಲಿಲ್ಲ. ಪಕ್ಕದಲ್ಲಿದ್ದ ಚೀನೀ ಆಂಟಿಯೊಬ್ಬರು ತಮ್ಮದನ್ನು ಮಾಮನ ಮುಂದೆ ತಳ್ಳಿ, ನೀರಿನ ಬಿಸಿಯನ್ನು ತಾವೇ ಬೆರಳದ್ದಿ ನೋಡಿ, ಕಾಲಿಡಿ ಎನ್ನುವಂತೆ ಸನ್ನೆ ಮಾಡಿದರು. ಅವರಿಗೆ ಕನ್ನಡ ಬಾರದು, ಮಾಮನಿಗೆ ಚೀನೀ ಬಾರದು. ಇಬ್ಬರೂ ಮಂಡಿ ತೋರಿಸಿಕೊಂಡು, ಎಲ್ಲಿ ನೋವು, ಎಷ್ಟು ನೋವು ಎಂದು ಕೈಯಲ್ಲೇ ಹೇಳಿಕೊಂಡು ಬಹಳ ಹೊತ್ತು ಕೂತಿದ್ದರು. ನಾನು ಮರದ ಕೆಳಗೆ ಕೂತು ಕಾದೆ.