ನಂಜಮ್ಮನ ಗದ್ದೆಯ ಕೆಂಪು ಮೊಟ್ಟೆಗಳು

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ಕೊಳ್ಳೇಗಾಲದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಭತ್ತ ಹೊಡೆ ತುಂಬುವ ಹೊತ್ತಿಗೆ ಸತ್ತೇಗಾಲದ ರೈತ ಮಹಿಳೆ ನಂಜಮ್ಮ ಫೋನ್ ಮಾಡಿದರು. "ಸಾ, ಗದ್ದೆ ನಡೂಕೆ ಬೆಂಕಿ ತಗುಲ್ದಂಗೆ ಒಣಗದೆ. ಬಂದ್ ನೋಡಿ."

ಹೋಗಿ ಪೈರಿನ ಬುಡ ತಟ್ಟಿದೆ. ಕಂದು ಜಿಗಿಹುಳುಗಳು ನೀರಿನ ಮೇಲೆ ಉದುರಿದವು. ಬುಡದಲ್ಲಿ ಕೂತು ರಸ ಹೀರುವ ಇವು ಹೆಚ್ಚಿದರೆ ಕೆಲವೇ ದಿನಗಳಲ್ಲಿ ಗದ್ದೆ ಸುಟ್ಟಂತಾಗುತ್ತದೆ. ಸ್ಪ್ರೇಯರ್ ಬದುವಿನ ಮೇಲೆ ಸಿದ್ಧವಿತ್ತು. ಔಷಧಿಯ ಹೆಸರು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಹಿಂದೆ ಯಳಂದೂರಿನಲ್ಲಿ ಹಾಗೆಯೇ ಹೇಳಿದ್ದೆ. ಅಲ್ಲಿ ಮೊದಲು ಸತ್ತದ್ದು ಜಿಗಿಹುಳುಗಳನ್ನು ಹತೋಟಿಯಲ್ಲಿಡುವ ಜೇಡಗಳು, ಕಣಜಗಳು ಎಂದು ಆಮೇಲೆ ತಿಳಿಯಿತು. ಉಳಿದ ಜಿಗಿಹುಳುಗಳು ಮತ್ತೆ ಹೆಚ್ಚಿ ಒಬ್ಬ ರೈತನ ಇಡೀ ಬೆಳೆ ಹೋಯಿತು.

ಪೈರಿನ ಒಂದು ಕಡ್ಡಿ ಸೀಳಿ ಒಳಗಿದ್ದ ಮೊಟ್ಟೆಗಳಿಗೆ ಲೆನ್ಸ್ ಹಿಡಿದೆ. ಜಿಗಿಹುಳುವಿನ ಮೊಟ್ಟೆ ಬೆಳ್ಳಗಿರಬೇಕು, ಹಲವು ಕೆಂಪಗಿದ್ದವು. ಅನಾಗ್ರಸ್ ಎಂಬ, ಧೂಳಿನ ಕಣದಂಥ ಪರಾವಲಂಬಿ ಕಣಜ ಅವುಗಳೊಳಗೆ ತನ್ನ ಮೊಟ್ಟೆಯಿಟ್ಟಿತ್ತು. ಅದರ ಮರಿ ಜಿಗಿಹುಳುವಿನ ಮೊಟ್ಟೆಯನ್ನೇ ತಿಂದು ಬೆಳೆಯುತ್ತದೆ.

"ನೀರು ಬಸಿದುಬಿಡಿ. ನಾಲ್ಕು ದಿನ ಔಷಧಿ ಬೇಡ, ಈ ಕಣಜಗಳು ತಮ್ಮ ಕೆಲಸ ಮಾಡಲಿ," ಎಂದೆ.

"ಕಣ್ಗೆ ಕಾಣ್ದಿರೋ ಉಳ ನಂಬ್ಕಂಡು ಕುಂತ್ಕಳದಾ ಸಾ? ವರ್ಸೆಲ್ಲ ಮನೇಲಿ ಉಣ್ಣದು ಇದ್ನೇ."

ಕೆಲವು ಕಡ್ಡಿಗಳನ್ನು ಗಾಜಿನ ನಳಿಕೆಗೆ ಹಾಕಿಕೊಂಡು ಬಂದೆ.

ಮೂರನೇ ದಿನ ಹೋದಾಗ ಒಣಗಿದ ಜಾಗ ಎರಡರಷ್ಟಾಗಿತ್ತು. ಈ ಮನೆಯ ಅನ್ನವನ್ನು ನಾನೇ ಕಿತ್ತುಕೊಂಡೆನೇ?

"ಈಗ್ಲಾದ್ರೂ ಒಡೀಲಾ ಸಾ?" ನಂಜಮ್ಮ ಕೇಳಿದರು.

'ಹ್ಞೂಂ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕೊನೆಯದಾಗಿ ನೋಡೋಣವೆಂದು ಬ್ಯಾಗಿನಿಂದ ನಳಿಕೆ ತೆಗೆದೆ. ಗಾಜಿನೊಳಗೆ, ಕೆಂಪು ಮೊಟ್ಟೆಗಳಿಂದ ಹೊರಬಂದ ಕಣಜಗಳು ಸಣ್ಣ ಚುಕ್ಕೆಗಳಂತೆ ಹರಿದಾಡುತ್ತಿದ್ದವು. ಲೆನ್ಸ್ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು.

"ರೆಕ್ಕೆ ಅವೆ ಇವ್ಕೆ. ಇಷ್ಟೇ ಸಾಕಾ ಸಾ?"

"ಗೊತ್ತಿಲ್ಲಮ್ಮ. ನನಗೂ ಭಯ ಆಗ್ತಿದೆ."

ಅವರು ಸ್ಪ್ರೇಯರ್ ಎತ್ತಿ ನೆರಳಿಗಿಟ್ಟರು. "ಅಂಗಾರೆ ಇನ್ನೆರಡ್ ದಿನ ನೋಡವ. ನೀವು ದಿನಾ ಬರ್ಬೇಕು ಮತ್ತೆ."

ದಿನಾ ಹೋದೆ. ಬಸ್ಸಿಳಿದವನೇ ಮೊದಲು ಒಣಗಿದ ಜಾಗದ ಅಂಚಿಗೆ ನಡೆಯುತ್ತಿದ್ದೆ. ಐದನೇ ದಿನ ಒಣಗುವುದು ನಿಂತಿತು. ಎಂಟನೇ ದಿನ ಬುಡ ತಟ್ಟಿದರೆ ಬೆರಳೆಣಿಕೆಯಷ್ಟು ಹುಳು ಬಿದ್ದವು. ಸುಟ್ಟ ಜಾಗದಲ್ಲಿ ಬರೀ ಜೊಳ್ಳು. ಉಳಿದ ಗದ್ದೆ ತೆನೆ ಬಿಟ್ಟಿತು.

ಅಧಿಕಾರಿ ಭಯ ತೋರಿಸಬಾರದೆಂದು ಸರ್ವಿಸ್ ಉದ್ದಕ್ಕೂ ನಂಬಿದ್ದೆ. ಯಳಂದೂರಿನಲ್ಲಿ ಆ ಭಯ ಮುಚ್ಚಿಕೊಳ್ಳಲೆಂದೇ ಔಷಧಿ ಬರೆದುಕೊಟ್ಟಿದ್ದೆ, ಮತ್ತೆ ಆ ಗದ್ದೆಯತ್ತ ತಲೆ ಹಾಕಿರಲಿಲ್ಲ. ಇನ್ನೊಬ್ಬರ ಬೆಳೆಗೆ ಸಲಹೆ ಕೊಟ್ಟವನು ಮರುದಿನವೂ ಆ ಬದುವಿನ ಮೇಲೆ ನಿಂತಿರಬೇಕು. ಇಷ್ಟನ್ನು ಕಲಿಯುವ ಹೊತ್ತಿಗೆ ನನ್ನ ಕೆಲಸ ಮುಗಿಯುತ್ತ ಬಂದಿತ್ತು.