ಸೊಟ್ಟ ತಲೆಯನ್ನು ಸೊಟ್ಟಗೇ ಹಿಡಿದವರು

ನನ್ನ ಗಂಡನ ಕೈಗೆ ಯಾರದ್ದಾದರೂ ತಲೆ ಸಿಕ್ಕರೆ ಮುಗಿಯಿತು, ಅದನ್ನು ತಿರುಗಿಸದೆ ಬಿಡುವವರಲ್ಲ. ಕಟಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಕಿವಿಯ ಮೇಲೆ ಎರಡು ಬೆರಳು ಇಟ್ಟರೆ ಸಾಕು, ಎಂಥ ದೊಡ್ಡ ಮನುಷ್ಯನ ತಲೆಯೂ ಇವರು ಹೇಳಿದ ಕಡೆ ತಿರುಗುತ್ತದೆ. ಮನೆಯಲ್ಲೂ ಅದೇ ಚಾಳಿ. ಮಗಳು ಊಟಕ್ಕೆ ಕೂತಿದ್ದರೆ ಅವಳ ತಲೆಯನ್ನು ಆಚೆ ಈಚೆ ತಿರುಗಿಸಿ ಬೈತಲೆ ನೇರವಾಗಿದೆಯೇ ಎಂದು ನೋಡುವರು. ಮದುವೆಯಾದ ಹೊಸದರಲ್ಲಿ ನನ್ನ ತಲೆಯನ್ನೂ ಒಂದು ಸಲ ಹಾಗೇ ಮೆಲ್ಲಗೆ ತಿರುಗಿಸಿದರು. ಏನೋ ಪ್ರೀತಿಯ ಮಾತು ಬರುತ್ತದೆಂದು ಕಾದೆ. "ಎಡಗಡೆ ಕೂದಲು ತೆಳ್ಳಗಿದೆ" ಎಂದರು, ಪುಣ್ಯಾತ್ಮ.

ಅಂಗಡಿಯಲ್ಲಿ ಇವರ ಬಾಯಿ ನಿಲ್ಲುವುದಿಲ್ಲ, ಮಹಡಿ ಹತ್ತಿ ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ನಾನು ಹೇಳಿದ್ದಕ್ಕೆ ಒಂದು ದಿನವೂ ಇಲ್ಲ ಎಂದವರಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವುದು ಇಡೀ ಬೀದಿಗೆ ಗೊತ್ತು. ಹಾಗಾಗಿ ಹೆಂಡತಿಗೆ ಹೆದರುವ ಗಂಡ ಎಂದು ಜನ ಇವರನ್ನು ಆಡಿಕೊಳ್ಳುತ್ತಾರೆ. ಹೆದರಿಕೆಯಲ್ಲ, ಇವರ ಸ್ವಭಾವವೇ ಮೆದು. ಸ್ವಲ್ಪ ಹೆದರಿಕೆಯೂ ಇದ್ದೀತು, ಇಲ್ಲವೆನ್ನಲಾರೆ.

ಹೀಗಿರುವಾಗ ನಮ್ಮ ಬೀದಿಯಲ್ಲಿ ಒಬ್ಬ ಸೈಕಲ್ಲಿನಿಂದ ಬಿದ್ದ. ಎಚ್ಚರ ತಪ್ಪಿದ್ದವನನ್ನು ಜನ ಸೇರಿ ಎತ್ತಿ ಕೂರಿಸಿ ಬಾಯಿಗೆ ನೀರು ಹೊಯ್ದರು. ನೀರು ನೆತ್ತಿಗೇರಿ ಅವನ ಜೀವ ಹೋಗುವುದರಲ್ಲಿತ್ತು, ಹೇಗೋ ಉಳಿದ. ಇದಾದ ಮೇಲೆ ಅಂಗಡಿಯವರ ಸಂಘಕ್ಕೆ ಜ್ಞಾನೋದಯವಾಗಿ, ಪ್ರತಿ ಅಂಗಡಿ ಸಾಲಿನಿಂದ ಒಬ್ಬರು ಪ್ರಥಮ ಚಿಕಿತ್ಸೆ ಕಲಿಯಬೇಕೆಂದು ತೀರ್ಮಾನ ಮಾಡಿದರು. ನಮ್ಮ ಸಾಲಿನಲ್ಲಿ ಹಿಟ್ಟಿನ ಗಿರಣಿ ನನ್ನ ತಮ್ಮನದು. ಮೂಟೆ ಹೊತ್ತು ಹೊತ್ತು ಕಂಬದ ಹಾಗಾಗಿರುವ ಅವನನ್ನು ಎಲ್ಲರೂ ಪೈಲ್ವಾನ್ ಎಂದೇ ಕರೆಯುವುದು. ಅವನು ಪುರುಸೊತ್ತಿಲ್ಲ ಎಂದು ನುಣುಚಿಕೊಂಡ. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಇಲ್ಲ ಎನ್ನಲು ಬಾರದ ನಮ್ಮವರ ಕೊರಳಿಗೆ ಅದು ಬಿತ್ತು. ಇವರೋ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊಸ ಅಳಿಯನ ಹಾಗೆ ಹೊರಟರು.

ಪೇಪರ್ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ಪಾಠ. ಹೇಳಿಕೊಡುವವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸಮ್ಮ. ಕಲಿತದ್ದನ್ನೆಲ್ಲ ಇವರು ಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದರು. ಪೆಟ್ಟಾದವರನ್ನು ಕಂಡ ಕೂಡಲೇ ಓಡಿ ಹೋಗಿ ಮುಟ್ಟಬಾರದಂತೆ. ಮೊದಲು ಜಾಗ ನೋಡಬೇಕು, ಬೀಳಿಸಿದ್ದು ಇನ್ನೂ ಅಲ್ಲೇ ಇದ್ದರೆ ನಾವೂ ಬೀಳುತ್ತೇವೆ. ಆಮೇಲೆ ಮಾತಾಡಿಸಬೇಕು, ಉಸಿರು ನೋಡಬೇಕು, ರಕ್ತ ಸುರಿಯುತ್ತಿದೆಯೇ ನೋಡಬೇಕು. ಇದಿಷ್ಟೂ ಆದ ಮೇಲೆಯೇ ತಲೆಯಿಂದ ಕಾಲಿನವರೆಗೆ ಒಂದೊಂದೇ ಕಡೆ ಪರೀಕ್ಷೆ. ಎತ್ತರದಿಂದ ಬಿದ್ದವರ ಕತ್ತನ್ನು ಮಾತ್ರ ಅಲ್ಲಾಡಿಸಲೇಬಾರದು, ಹೇಗಿದೆಯೋ ಹಾಗೇ ಹಿಡಿದುಕೊಂಡಿರಬೇಕು. ಮೂಳೆಯೊಳಗೆ ನರದ ಹುರಿ ಇದೆ, ಮೂಳೆ ಮುರಿದಿದ್ದಾಗ ಒಂದೇ ಒಂದು ಸಲ ತಿರುಗಿಸಿದರೂ ಆ ಮನುಷ್ಯ ಜೀವಮಾನವಿಡೀ ಹಾಸಿಗೆ ಬಿಟ್ಟು ಏಳದೆ ಹೋಗಬಹುದು ಎಂದು ಆಕೆ ಹೇಳಿದ್ದರಂತೆ.

ಇಷ್ಟೆಲ್ಲ ಬಾಯಿಪಾಠ ಮಾಡಿದ ಮಹಾನುಭಾವರು ಪರೀಕ್ಷೆಯ ದಿನ ಏನು ಮಾಡಿದರು? ಪೇಪರ್ ಅಂಗಡಿಯವರು ಚಾಪೆಯ ಮೇಲೆ ಕತ್ತು ಸೊಟ್ಟ ಮಾಡಿಕೊಂಡು ರೋಗಿಯ ಹಾಗೆ ಮಲಗಿದ್ದರು. ಇವರು ಜಾಗ ನೋಡಿದರು, ಮಾತಾಡಿಸಿದರು, ಉಸಿರು ನೋಡಿದರು, ಎಲ್ಲ ಸರಿ. ತಲೆ ಹಿಡಿಯಲು ಕೂತರು ನೋಡಿ, ಕೈ ತನ್ನ ಕೆಲಸ ತಾನು ಮಾಡಿತು. ಸೊಟ್ಟಗಿದ್ದ ತಲೆಯನ್ನು ಠೀವಿಯಿಂದ ನೇರ ಮಾಡಿ, ಎರಡೂ ಕಿವಿಯ ಪಕ್ಕದ ಕೃತಾವು ಸಮ ಇದೆಯೇ ಎಂದೂ ನೋಡಿದರಂತೆ. ನರ್ಸಮ್ಮ ತಣ್ಣಗೆ, "ಆಯ್ತು, ನಿಮ್ಮ ಪೇಷೆಂಟ್ ಇನ್ನು ಎದ್ದು ನಡೆಯೋದಿಲ್ಲ" ಎಂದು ಮುಂದಿನ ತಿಂಗಳು ಬರಲು ಹೇಳಿ ಕಳಿಸಿದರು.

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಕೇಳಿ ನನಗೂ ನಗು ತಡೆಯಲಿಲ್ಲ. ಇವರು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ತಟ್ಟೆ ಮುಟ್ಟಲಿಲ್ಲ. ಆಮೇಲೆ ನನಗೆ ಪಾಪ ಎನ್ನಿಸಿತು.

ಮಾರನೆಯ ದಿನದಿಂದ ನಾನೇ ರೋಗಿ. ಅಂಗಡಿ ಮುಚ್ಚಿ ಬಂದವರೇ ನನ್ನನ್ನು ಅಡುಗೆಮನೆಯ ನೆಲದ ಮೇಲೆ ಕತ್ತು ಸೊಟ್ಟಗೆ ಮಾಡಿಸಿ ಮಲಗಿಸಿ, ಹಣೆಯ ಮೇಲೆ ನೀರು ತುಂಬಿದ ಲೋಟ ಕೂರಿಸಿ ತಲೆ ಹಿಡಿಯುತ್ತಿದ್ದರು. ನೀರು ಚೆಲ್ಲಿದರೆ ಕೈ ಆಡಿತು ಎಂದು ಲೆಕ್ಕ. ಮೊದಮೊದಲು ದಿನಕ್ಕೆರಡು ಸಲ ನನಗೆ ಸ್ನಾನ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಸುಮ್ಮನೆ ನನ್ನನ್ನು ಯಾಕೆ ನೆನೆಸುತ್ತೀರಿ ಎಂದು ಬೈದೆ. ಬೈಸಿಕೊಂಡು ಮತ್ತೆ ಲೋಟ ತುಂಬಿಸಿ ತಂದರು. ಆಮೇಲೆ ಮೊಣಕೈ ಎರಡೂ ನೆಲಕ್ಕೆ ಊರಿದರೆ ಕೈ ನಿಲ್ಲುತ್ತದೆ ಎಂದು ಕಂಡುಕೊಂಡರು. ಒಂದು ಸಂಜೆ ಲೋಟ ಅಲುಗಲೇ ಇಲ್ಲ, ನನಗೆ ಅಲ್ಲೇ ಜೊಂಪು ಹತ್ತಿತು. ತಲೆ ಆಡೀತೆಂದು ಇವರು ಎಬ್ಬಿಸಲಿಲ್ಲ, ಒಲೆಯ ಮೇಲಿದ್ದ ಅನ್ನ ಸೀದು ಕರಿಯಾಯಿತು.

ಎರಡನೇ ಪರೀಕ್ಷೆ ಇನ್ನೂ ಬಂದಿರಲಿಲ್ಲ. ಅಂಗಡಿಯ ಟವೆಲ್‌ಗಳನ್ನು ಒಗೆಯುವುದು ಯಾವಾಗಲೂ ನಾನೇ. ಅವತ್ತು ಬೆಳಿಗ್ಗೆ ಒಗೆದು, ಬಕೆಟ್ ಹಿಡಿದು ಹೊರಗಿನ ಮೆಟ್ಟಿಲು ಇಳಿಯುತ್ತಿದ್ದೆ. ಸೋಪಿನ ನೀರು ನಾನೇ ಚೆಲ್ಲಿದ್ದು, ಜಾರಿದ್ದೂ ನಾನೇ, ಬೇರೆಯವರನ್ನು ಬೈಯಲು ದಾರಿಯಿಲ್ಲ. ಮೇಲಿನಿಂದ ಬೀದಿಯವರೆಗೆ ಉರುಳಿ ಬಂದು ಅಂಗಾತ ಬಿದ್ದೆ. ಕತ್ತಿನಲ್ಲಿ ಕತ್ತಿಯಿಟ್ಟ ಹಾಗೆ ನೋವು. ಎರಡೂ ಕೈಯಲ್ಲಿ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು. ಕಾಲು ಮಾತ್ರ ಎಲ್ಲಿವೆಯೋ ತಿಳಿಯಲಿಲ್ಲ.

ಇವರು ಅಂಗಡಿಯಿಂದ ಓಡಿ ಬಂದರು. ಹಿಂದೆಯೇ ಕುರ್ಚಿಯಲ್ಲಿದ್ದ ಬಸ್ ಡ್ರೈವರ್, ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಟ್ಟೆ. ಇವರು ನನ್ನ ಹತ್ತಿರ ಕೂರುತ್ತಾರೆ ಎಂದುಕೊಂಡರೆ, ನಿಂತು ಮೆಟ್ಟಿಲು ನೋಡಿದರು. ಉರುಳಿದ್ದ ಬಕೆಟ್ ಸರಿಸಿದರು, ಒದ್ದೆ ಟವೆಲ್ ಎತ್ತಿ ಪಕ್ಕಕ್ಕೆ ಹಾಕಿದರು. ಹೆಂಡತಿ ಬಿದ್ದಿದ್ದಾಳೆ, ಟವೆಲ್ ಎತ್ತುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನ್ನ ಕಣ್ಣಿಗೆ ಕಾಣುವ ಹಾಗೆ ಎದುರಿನಿಂದ ಬಂದು ಮಂಡಿಯೂರಿ, ಪರೀಕ್ಷೆಯಲ್ಲಿ ಕೇಳುವ ಹಾಗೇ ಕೇಳಿದರು:

"ನಿಮ್ಮ ಹೆಸರೇನು?"

"ಇಷ್ಟು ವರ್ಷ ಸಂಸಾರ ಮಾಡಿ ಈಗ ಹೆಸರು ಕೇಳ್ತಿದೀರಾ?" ಎಂದೆ.

"ಮಾತು ಸರಿಯಾಗಿದೆ, ಉಸಿರೂ ಸರಿಯಾಗಿದೆ" ಎಂದು ಡ್ರೈವರಿಗೆ ಹೇಳಿ, ಆಂಬುಲೆನ್ಸಿಗೆ ಫೋನ್ ಮಾಡಲು ಕೇಳಿಕೊಂಡರು. ರಕ್ತ ಎಲ್ಲೂ ಸುರಿಯುತ್ತಿಲ್ಲ ಎಂದು ನೋಡಿಕೊಂಡರು. ನೋವು ಎಲ್ಲಿ ಎಂದಾಗ ಕತ್ತು ಎಂದೆ. ತಲೆ ಆಡಿಸಬೇಡ, ಹೂಂ ಅಂತ ಕೂಡ ಗೋಣು ಹಾಕಬೇಡ, ಬಾಯಲ್ಲೇ ಹೇಳು ಎಂದು ನನ್ನ ನೆತ್ತಿಯ ಹಿಂದೆ ಬಂದು, ಮೊಣಕೈ ನೆಲಕ್ಕೂರಿ, ತಲೆಗೆ ಎರಡೂ ಕೈ ಹಾಕಿದರು.

ನನ್ನ ತಲೆ ಬಲಕ್ಕೆ ವಾಲಿತ್ತು. ಆ ಬೆರಳುಗಳು ನನಗೆ ಗೊತ್ತು. ಕಿವಿಯ ಮೇಲೆ ಬಂದು ಕೂತವು, ಹೆಬ್ಬೆರಳು ಒಂದು ಕ್ಷಣ ಎಡಕ್ಕೆ ಒತ್ತಲು ಹೊರಟಿತು. ನನಗೆ ಜೀವ ಬಾಯಿಗೆ ಬಂತು. ಹೆಬ್ಬೆರಳು ಅಲ್ಲೇ ನಿಂತಿತು. ಸೊಟ್ಟಗಿದ್ದ ತಲೆಯನ್ನು ಸೊಟ್ಟಗೇ ಹಿಡಿದರು.

ಅಷ್ಟರಲ್ಲಿ ಗಿರಣಿಯಿಂದ ನನ್ನ ತಮ್ಮ ಮೈತುಂಬ ಹಿಟ್ಟು ಮೆತ್ತಿಕೊಂಡು ಓಡಿ ಬಂದ. ಭಾವ ಬಿಡಿ, ನಾನೊಬ್ಬನೇ ಎತ್ತಿ ಒಳಗೆ ಮಲಗಿಸ್ತೀನಿ ಎಂದು ಬಗ್ಗಿಯೇ ಬಿಟ್ಟ. ಅವನಿಗೆ ಯಾವತ್ತೂ ಗಟ್ಟಿ ಮಾತು ಆಡದ ಇವರು, ಕೈ ಅಲುಗಿಸದೆ, "ಮುಟ್ಟಬೇಡ" ಎಂದು ಗದರಿದರು. ಪೈಲ್ವಾನ್ ಹಿಂದೆ ಸರಿದ.

ಜನ ಸೇರುತ್ತಿದ್ದರು. ಅಜ್ಜಿಗೆ ಅರಿವೆ ಚಿಂತೆ ಎನ್ನುತ್ತಾರಲ್ಲ, ನನಗೆ ಬಟ್ಟೆ ಮಂಡಿಯ ಮೇಲೆ ಹೋಗಿದೆಯೋ ಏನೋ ಎಂಬುದೇ ಚಿಂತೆ. ಬೀದಿಯಲ್ಲಿ ಹೀಗೆ ಬಿದ್ದಿರುವುದಕ್ಕಿಂತ ಸಾಯುವುದು ಮೇಲು ಎನ್ನಿಸಿತು. ಎಬ್ಬಿಸಿ ಎಂದೆ. ಇವರ ಕೈ ಇದ್ದಲ್ಲೇ ಇತ್ತು. ಮತ್ತೆ ಹೇಳಿದೆ.

"ಎಬ್ಬಿಸಿ ಅಂದ್ನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಎಬ್ಬಿಸಲ್ಲ" ಎಂದರು ಕಡ್ಡಿ ಮುರಿದ ಹಾಗೆ. "ಜೀವ ಇರೋವರೆಗೂ ಬೈಕೋ. ಎಬ್ಬಿಸಲ್ಲ."

ತಮ್ಮನಿಗೆ ಹೇಳಿ ನನ್ನ ಕಾಲಿನ ಮೇಲೆ ಬಟ್ಟೆ ಮುಚ್ಚಿಸಿದರು. ನನ್ನ ಕಡೆ ಬೆನ್ನು ಮಾಡಿ ನಿಲ್ಲಿ ಎಂದು ಡ್ರೈವರ್ ಜನರಿಗೆ ಹೇಳಿದ, ಎಲ್ಲರೂ ನಿಂತರು. ಆಮೇಲೆ ಇವರು ಡ್ರೈವರಿಗೆ ನನ್ನ ಕಾಲ್ಬೆರಳು ಮುಟ್ಟಲು ಹೇಳಿ, ಯಾವ ಬೆರಳು ಎಂದು ನನ್ನನ್ನು ಕೇಳಿದರು. ಮೊದಲು ಮುಟ್ಟಲಿ, ಆಮೇಲೆ ಹೇಳ್ತೀನಿ ಎಂದೆ.

ಯಾರೂ ಮಾತಾಡಲಿಲ್ಲ. ಆಗ ತಿಳಿಯಿತು, ಅವನು ಆಗಲೇ ಮುಟ್ಟಿದ್ದ.

ಇನ್ನು ಮೇಲೆ ನನ್ನನ್ನು ಯಾರು ಎತ್ತಿ ಕೂರಿಸುವುದು, ಯಾರು ಬಚ್ಚಲಿಗೆ ಕರೆದೊಯ್ಯುವುದು ಎಂದೆಲ್ಲ ತಲೆಯಲ್ಲಿ ಓಡಿತು. ನನ್ನ ಕಣ್ಣಿಗೆ ಇವರ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಮೂಗಿನ ಮೇಲೆ ನೊಣ ಕೂತರೆ ಬಾಯಿಂದ ಉಫ್ ಎಂದು ಊದಿ ಓಡಿಸುತ್ತಿದ್ದರು, ಕೈ ಮಾತ್ರ ತೆಗೆಯಲಿಲ್ಲ. ಬೆವರು ನನ್ನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಹೆದರಿಕೆಯಾಗ್ತಿದೆ ಎಂದೆ, ಇವರ ಹತ್ತಿರ ಹಾಗೆ ಹೇಳಿದ್ದು ಅದೇ ಮೊದಲು. "ನಂಗೂ ಆಗ್ತಿದೆ. ಆದ್ರೆ ಬಿಡಲ್ಲ" ಎಂದರು.

ಸ್ವಲ್ಪ ಹೊತ್ತು ಬಿಟ್ಟು ಯಾವ ಬೆರಳು ಎಂದು ಮತ್ತೆ ಕೇಳಿದರು. ಈ ಸಲ ಎಲ್ಲೋ ದೂರದಲ್ಲಿ ಏನೋ ತಾಗಿದ ಹಾಗಾಯಿತು. ಬಲಗಾಲಿನ ಹೆಬ್ಬೆರಳಾ ಎಂದೆ. ಡ್ರೈವರ್ ಹೌದಮ್ಮಾ ಹೌದು ಎನ್ನುವಾಗ ಅವನ ಗಲ್ಲದ ನೊರೆ ಒಣಗಿ ಉದುರುತ್ತಿತ್ತು.

ಆಂಬುಲೆನ್ಸಿನವರು ಬಂದು ಕತ್ತಿಗೆ ಪಟ್ಟಿ ಕಟ್ಟಿ ಹಲಗೆಗೆ ಏರಿಸುವಾಗಲೂ ಇವರು ಕೈ ಬಿಡಲೊಲ್ಲರು. ಹಿಡ್ಕೊಂಡ್ರಾ, ಗಟ್ಟಿಯಾಗಿ ಹಿಡ್ಕೊಂಡ್ರಾ ಎಂದು ಮತ್ತೆ ಮತ್ತೆ ಕೇಳಿ, ಅವರು ಬೇಸತ್ತು ಹೂಂ ಎಂದ ಮೇಲೆಯೇ ಬಿಟ್ಟದ್ದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಡಾಕ್ಟರ್, ಮೂಳೆ ಬಿರುಕು ಬಿಟ್ಟಿದೆ, ಆದರೆ ಜರುಗಿಲ್ಲ, ತಲೆ ತಿರುಗಿಸದೆ ಇದ್ದದ್ದು ಒಳ್ಳೆಯದಾಯಿತು ಎಂದರು. ಅದನ್ನು ಕೇಳಿ ಇವರು ಹೊರಗಿನ ಬೆಂಚಿನಲ್ಲಿ ಕೂತು ಅಳುವುದು ನನಗೆ ಕೇಳಿಸುತ್ತಿತ್ತು. ತಿರುಗಿ ನೋಡಲು ಮಾತ್ರ ಆಗುತ್ತಿರಲಿಲ್ಲ.

ಕಾಲಿಗೆ ದಿನದಿಂದ ದಿನಕ್ಕೆ ಜೀವ ಬಂತು. ಮೊದಲು ಗೋಡೆ ಹಿಡಿದು, ಆಮೇಲೆ ಇವರನ್ನು ಹಿಡಿದು, ಆಮೇಲೆ ಇವರನ್ನು ಬೈಯುತ್ತಾ ನಡೆದೆ. ಟವೆಲ್ ಒಗೆಯುವ ಕೆಲಸ ಇವರಿಗೆ ಹೋಯಿತು. ನರ್ಸಮ್ಮ ನನ್ನನ್ನು ನೋಡಲು ಬಂದವರು, ಪರೀಕ್ಷೆ ಪರೀಕ್ಷೆಯೇ ಎಂದು ಇವರನ್ನು ಮತ್ತೆ ಕೂರಿಸಿದರು. ಪಾಸಾದರು. ಕತ್ತಿನ ಪಟ್ಟಿ ಮಾತ್ರ ಇನ್ನೂ ಇತ್ತು, ಅದು ಇರುವವರೆಗೆ ಇವರು ಸರಿಯಾಗಿ ನಿದ್ದೆ ಮಾಡಲಿಲ್ಲ.

ಪಟ್ಟಿ ಬಿಚ್ಚುವ ದಿನ ಡಾಕ್ಟರ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನಿಧಾನವಾಗಿ ಎಡಕ್ಕೆ ತಿರುಗಿ ಎಂದರು. ಕತ್ತು ಬಾಗಿಲಿನ ಹಳೆ ಕೀಲಿನ ಹಾಗೆ ಬಿಗಿಯಾಗಿತ್ತು, ಆದರೂ ತಿರುಗಿತು, ನೋವಿಲ್ಲದೆ ತಿರುಗಿತು. ಎಡಕ್ಕೆ ಗೋಡೆಗೆ ಒರಗಿ ಇವರು ನಿಂತಿದ್ದರು. ನೋಡಲು ಧೈರ್ಯ ಸಾಲದೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

"ಕಣ್ಣು ಬಿಡ್ರೀ" ಎಂದೆ. "ನಿಮ್ಮನ್ನೇ ನೋಡ್ತಿದೀನಿ."