ಹುಲ್ಲಿನ ಗೋದಾಮಿನಲ್ಲಿ ಓಗೊಟ್ಟ ರಾತ್ರಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ ಇದು, ನನಗೇ ಆದದ್ದು. ದೆವ್ವದ ಕಥೆ ಹೇಳುವವರು ಸಿಕ್ಕರೆ ಮೊದಲು ಗೇಲಿ ಮಾಡುತ್ತಿದ್ದವನೇ ನಾನು. ನಮ್ಮದು ಬೆಳ್ತಂಗಡಿ ಕಡೆ. ಭೂತಕ್ಕೆ ಕೋಲ ಕೊಟ್ಟು, ಎದುರಿಗೇ ನಿಂತು ವಾದ ಮಾಡಿ, ಪ್ರಸಾದ ಹಿಡಿದುಕೊಂಡು ಮನೆಗೆ ಬರುವ ಜನ ನಾವು. ನಮ್ಮ ಭೂತಗಳಿಗೆ ಹೆಸರುಂಟು, ಜಾಗವುಂಟು, ಏನು ಬೇಕೆಂದು ಕೇಳಿದರೆ ಬಾಯಿಬಿಟ್ಟು ಹೇಳುತ್ತವೆ. ಆ ರಾತ್ರಿ ಬಂದದ್ದಕ್ಕೆ ಇದ್ಯಾವುದೂ ಇರಲಿಲ್ಲ.

ದೋಹಾದಲ್ಲಿ ಕುದುರೆ, ಒಂಟೆಗಳಿಗೆ ಮೇವು ತರಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಹಮದ್ ಬಂದರಿಗೆ ಬಂದಿಳಿದ ಹುಲ್ಲು ಚೆನ್ನಾಗಿದೆಯೇ, ತೇವವಿದೆಯೇ ಎಂದು ನೋಡಬೇಕು. ಕಾಗದದ ಮೇಲೆ ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಹೆಂಡತಿ ಸವಿತಾ ಮೈಸೂರಿನವಳು, ಅವಳ ಬಾಯಲ್ಲಿ ನಾನು ಹುಲ್ಲು ಆಫೀಸರ್. ನಜ್ಮಾ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟು. ನಾನು, ಅವಳು, ಒಂದನೇ ಕ್ಲಾಸಿನ ಮಗಳು ಅನ್ವಿ.

ಆ ಸಲ ಹುಲ್ಲು ಬಂದದ್ದು ಫಿನ್‌ಲೆಂಡಿನಿಂದ. ಕಳಿಸುವವನ ಹೆಸರು ಯೂಹಾ. ವಿಡಿಯೋ ಕಾಲ್‌ನಲ್ಲಿ ನನಗೆ ತನ್ನ ಹೊಲವನ್ನು ತೋರಿಸಿದ್ದ. ಹೊಲ ಎನ್ನಲೂ ಆಗದು. ಸುತ್ತ ಕಪ್ಪು ಕಾಡು, ನಡುವೆ ಚಾಪೆ ಹಾಸಿದಷ್ಟು ಹಸಿರು. ಅವರ ಅಜ್ಜಂದಿರು ಮರ ಕಡಿದು, ಬೇರು ಕಿತ್ತು, ಕಲ್ಲು ಹೆಕ್ಕಿ ಮಾಡಿದ ಜಾಗವಂತೆ. ಈಗ ಮಕ್ಕಳೆಲ್ಲ ಪಟ್ಟಣ ಸೇರಿದ್ದಾರೆ. ಕೆಲವರು ಹೊಲದಲ್ಲೇ ಮರ ನೆಟ್ಟು ಹೋಗಿದ್ದಾರೆ, ನೆಡದವರ ಹೊಲವನ್ನು ಕಾಡು ತಾನಾಗಿಯೇ ನುಂಗುತ್ತಿದೆ. ಅಂಥ ಹೊಲಗಳನ್ನು ಗೇಣಿಗೆ ಹಿಡಿದು ಹುಲ್ಲು ಕತ್ತರಿಸುವುದು ಯೂಹಾನ ದಂಧೆ.

"ಈ ಲೋಡು ರಸ್ತೆಯ ಕಟ್ಟಕಡೆಯ ಮನೆಯದ್ದು," ಎಂದಿದ್ದ. "ತುಂಬ ವರ್ಷದಿಂದ ಅಲ್ಲಿಗೆ ಯಾರೂ ಕತ್ತಿ ತಾಗಿಸಿರಲಿಲ್ಲ."

ನನಗೇನು, ಹುಲ್ಲು ಒಣಗಿದ್ದರೆ ಸಾಕು.

ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ಟ್ರೈಲರು ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗೋದಾಮಿಗೆ ಬಂದು ಮುಟ್ಟುವಾಗಲೇ ಕತ್ತಲಾಗಿತ್ತು. ಗುರುವಾರ ರಾತ್ರಿ. ಮರುದಿನ ರಜೆ, ಮತ್ತೆ ಕೆಲಸ ಶನಿವಾರ ಸಂಜೆಗೇ. ಒತ್ತಿ ಕಟ್ಟಿದ ಹುಲ್ಲಿನ ಬೇಲುಗಳನ್ನು ಇಳಿಸಿ, ಛಾವಣಿ ತಾಗುವಷ್ಟು ಎತ್ತರಕ್ಕೆ ಒಟ್ಟಿ, ಹುಡುಗರು ಕ್ಯಾಂಪಿನ ಬಸ್ಸು ಹತ್ತಿದರು. ಉಳಿದವರು ಮೂವರು: ನಾನು, ಟ್ರೈಲರಿನ ಪೇಶಾವರಿ ಡ್ರೈವರ್, ಗೋದಾಮಿನ ಫೋರ್‌ಮನ್ ಹನೀಫಾಕ. ಹನೀಫಾಕ ಬಂಟ್ವಾಳದ ಬ್ಯಾರಿ ಮುಸ್ಲಿಮರು, ನನಗಿಂತ ಹಿರಿಯರಾದರೂ ನನ್ನನ್ನು ಕರೆಯುವುದು ಜಗದೀಶಣ್ಣ ಎಂದೇ.

"ಹುಲ್ಲಿಗೆ ಕಂಬಿ ಹಾಕಿ ನೋಡಿ ಬಿಡ್ತೇನೆ. ಆಮೇಲೆ ಟ್ರೈಲರಿನಲ್ಲೇ ಹೋಗ್ತೇನೆ," ಎಂದು ಹನೀಫಾಕನಿಗೆ ಹೇಳಿದೆ. ಡ್ರೈವರಿಗೆ ಮಾತ್ರ ಹೇಳಲಿಲ್ಲ. ಬಂದರಿನಿಂದ ಬರುವಾಗ ಚಾರ್ಜಿಗೆ ಹಾಕಿದ್ದ ನನ್ನ ಫೋನು ಅವನ ಕ್ಯಾಬಿನಿನಲ್ಲೇ ಇತ್ತಲ್ಲ, ಬಿಟ್ಟು ಹೋಗುತ್ತಾನೆಯೇ ಎಂಬ ಧೈರ್ಯ.

ಹಡಗಿನಲ್ಲಿ ತೇವ ತಾಗಿದ ಹುಲ್ಲು ಒಳಗೊಳಗೇ ಕಾಯುತ್ತದೆ, ಒಂದು ದಿನ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ಬೇಲಿನ ಹೊಟ್ಟೆಗೆ ಚುಚ್ಚಿ ಬಿಸಿ ನೋಡಲು ಒಂದು ಮಾರುದ್ದದ ಕಂಬಿ ಇದೆ. ತುದಿಯಲ್ಲಿ ಗಡಿಯಾರದಂತೆ ಮುಳ್ಳು. ಒಂದೊಂದೇ ಬಣವೆಗೆ ಚುಚ್ಚುತ್ತ ಹೋದೆ. ಎಲ್ಲವೂ ಬೆಚ್ಚಗಿದ್ದವು, ಈ ಸೆಕೆಗೆ ಅಷ್ಟು ಇರಬೇಕಾದದ್ದೇ.

ಹಿಂದಿನ ಮೂಲೆಯ ಕೊನೆಯ ಬಣವೆಗೆ ಚುಚ್ಚಿದೆ. ಮುಳ್ಳು ಇಳಿಯತೊಡಗಿತು... ಇಳಿಯಿತು... ಸೊನ್ನೆಯನ್ನೂ ದಾಟಿ ತಳ ಮುಟ್ಟಿ ನಿಂತಿತು.

ಕೆಟ್ಟಿದೆ ಎಂದುಕೊಂಡು ಪಕ್ಕದ್ದಕ್ಕೆ ಚುಚ್ಚಿದೆ. ಸರಿಯಾಗಿ ತೋರಿಸಿತು. ಮತ್ತೆ ಇದಕ್ಕೆ ಚುಚ್ಚಿದೆ. ಮತ್ತೆ ತಳ. ಕಂಬಿ ಹೊರಗೆಳೆದಾಗ ಅದರ ಮೇಲೆ ಫ್ರಿಜ್ಜಿನ ಗೋಡೆಗೆ ಕಟ್ಟುವಂಥ ಬಿಳಿ ಪುಡಿ ಅಂಟಿತ್ತು.

ಅದನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದೆ. ಆಗಲೇ ದಡಾರನೆ ಶಟರ್ ಬಿತ್ತು, ದೀಪ ಆರಿತು.

"ಹನೀಫಾಕ..." ಎಂದು ಕೂಗಿಕೊಂಡು ಓಡಿದೆ. ಬಣವೆಗಳ ನಡುವಿನ ಓಣಿ ದಾಟಿ ಶಟರ್ ಮುಟ್ಟುವಷ್ಟರಲ್ಲಿ ಹೊರಗೆ ಪಿಕಪ್ಪಿನ ಸದ್ದು ದೂರವಾಗುತ್ತಿತ್ತು. ಟ್ರೈಲರ್ ಆಗಲೇ ಹೋಗಿತ್ತು. ನಾನು ಹನೀಫಾಕನ ಜೊತೆ ಎಂದು ಡ್ರೈವರು, ಡ್ರೈವರಿನ ಜೊತೆ ಎಂದು ಹನೀಫಾಕ. ಇಬ್ಬರೂ ನೆಮ್ಮದಿಯಾಗಿ ಹೋಗಿಬಿಟ್ಟಿದ್ದರು.

ಮೊದಲು ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಬೈದೆ. ಕಂಬಿಯಿಂದ ಶಟರಿಗೆ ಬಡಿದು ಬಡಿದು ಕೈ ಸೋತಿತು. ಅಕ್ಕಪಕ್ಕದ ಗ್ಯಾರೇಜುಗಳೆಲ್ಲ ಮುಚ್ಚಿದ್ದವು, ಕೇಳುವವರಾರು?

ಆಮೇಲೆ ಹೆದರಿಕೆ ಬಂತು. ಕೈಯಲ್ಲಿದ್ದದ್ದು ಒಂದು ಪುಟ್ಟ ಟಾರ್ಚು, ಅರ್ಧ ಬಾಟಲಿ ನೀರು. ಶನಿವಾರ ಸಂಜೆಯವರೆಗೆ ಇತ್ತ ಯಾರೂ ಸುಳಿಯುವುದಿಲ್ಲ. ತಗಡಿನ ಗೋದಾಮು, ದೀಪದ ಸ್ವಿಚ್ಚು ಹೊರಗೆ, ಫ್ಯಾನೂ ಇಲ್ಲ. ರಾತ್ರಿಯೇ ಇಡ್ಲಿ ಪಾತ್ರೆಯ ಒಳಗೆ ಕೂತ ಹಾಗಿತ್ತು. ನಾಳೆ ಬಿಸಿಲು ಏರಿದರೆ ಮಧ್ಯಾಹ್ನದವರೆಗೆ ಬದುಕುವುದು ಕಷ್ಟವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅನ್ವಿಯ ಮುಖ ನೆನಪಾಗಿ ಅಳು ಬಂತು. ಅತ್ತೆ ಕೂಡ.

ಅಳು ನಿಂತಾಗ ಆ ಮೂಲೆಯ ಬಣವೆ ನೆನಪಾಯಿತು.

ಹೋಗಿ ಕೈ ಚಾಚಿದೆ. ಬೇಲುಗಳ ನಡುವೆ ಒಬ್ಬ ಕೂರುವಷ್ಟು ಸಂದು. ಅಲ್ಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಳೆ ನೆನೆದ ಮಣ್ಣು, ಪಾಚಿ, ಆಗಷ್ಟೇ ಸೀಳಿದ ಸೌದೆ, ದೂರದಲ್ಲೆಲ್ಲೋ ದನದ ಹಟ್ಟಿ... ಎಲ್ಲ ಸೇರಿದ ವಾಸನೆ. ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಕಂಬಿ ಹಿಡಿದುಕೊಂಡೇ ಒಳಗೆ ತೂರಿ ಕುಳಿತೆ. ಬೆವರು ಆರಿತು, ಉಸಿರು ಸಲೀಸಾಯಿತು. ಇಲ್ಲೇ ಕೂತರೆ ಶನಿವಾರದವರೆಗೆ ಹೇಗೋ ಜೀವ ಹಿಡಿದುಕೊಳ್ಳಬಹುದು ಎನಿಸಿತು. ಯೂಹಾ ನೂರು ವರ್ಷ ಬಾಳಲಿ ಎಂದುಕೊಂಡೆ. ಟಾರ್ಚ್ ಆರಿಸಿದೆ. ಕಣ್ಣು ಮುಚ್ಚಿತು.

ಟಿಣ್...

ಹಸುವಿನ ಕೊರಳ ಗಂಟೆ.

ಟಿಣ್... ಟಿಣ್...

ಸದ್ದು ಬೆನ್ನ ಹಿಂದಿನಿಂದ, ಹುಲ್ಲಿನ ಒಳಗಿನಿಂದ, ಬಹಳ ದೂರದಿಂದ ಬರುತ್ತಿತ್ತು. ಹಿಂದೆ ಅಷ್ಟು ದೂರವೇ ಇಲ್ಲ. ಎರಡು ಬೇಲು ಬಿಟ್ಟರೆ ತಗಡಿನ ಗೋಡೆ.

ಆಮೇಲೆ ಒಬ್ಬ ಹೆಂಗಸಿನ ಕೂಗು. ಮಾತಿಲ್ಲ. ಬರೀ ದನಿ, ಉದ್ದಕ್ಕೆ ಏರಿ ಏರಿ ಕೊನೆಯಲ್ಲಿ ಮುರಿಯುವ ದನಿ. ಊರಿನಲ್ಲಿ ಸಂಜೆ ಗುಡ್ಡೆಯಿಂದ ದನ ಬಾರದಿದ್ದರೆ ಅಮ್ಮ ಹೀಗೆಯೇ ಕೂಗುತ್ತಿದ್ದರು. ನಮ್ಮಲ್ಲಿ ಒಂದು ಪದ್ಧತಿ. ಅಂಥ ಕೂಗು ಕೇಳಿದವರು, ಯಾರದೇ ದನವಾಗಲಿ, ಸುಮ್ಮನಿರಬಾರದು. 'ಓ' ಎನ್ನಬೇಕು. ಕೇಳಿಸಿತು, ಈ ಕಡೆ ಒಬ್ಬರಿದ್ದೇವೆ ಎಂದು ಅರ್ಥ. ಸಣ್ಣಂದಿನಿಂದ ನಾಲಿಗೆಗೆ ಹತ್ತಿದ ಅಭ್ಯಾಸ.

ಅರೆನಿದ್ದೆಯಲ್ಲಿದ್ದೆ.

"ಓ..." ಎಂದುಬಿಟ್ಟೆ.

ಗಂಟೆ ನಿಂತಿತು. ಎಲ್ಲವೂ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗು. ಈ ಸಲ ಮೊದಲಿನ ಹಾಗಿರಲಿಲ್ಲ. ಚಿಕ್ಕದು, ಆತುರದ್ದು... ಮತ್ತು ಹತ್ತಿರ. ದನವನ್ನು ಕರೆಯುವುದು ಬೇರೆ, ಕತ್ತಲಾದರೂ ಮನೆಗೆ ಬಾರದ ಮಗುವನ್ನು ಕರೆಯುವುದು ಬೇರೆ. ಭಾಷೆ ತಿಳಿಯದಿದ್ದರೂ ಅದು ತಿಳಿಯುತ್ತದೆ. ಆಕೆ ಯಾರನ್ನೋ ಹುಡುಕುತ್ತಿದ್ದಳು. ನಾನು ಇಲ್ಲಿದ್ದೇನೆ ಎಂದು ಹೇಳಿಬಿಟ್ಟಿದ್ದೆ.

ನಿದ್ದೆ ಹಾರಿಹೋಯಿತು. ಹೊರಗೆ ಬರಲು ಮುಂದಕ್ಕೆ ಬಾಗಿದರೆ ಹಣೆಗೆ ಹುಲ್ಲು ತಾಗಿತು. ಟಾರ್ಚ್ ಹಾಕಿದೆ. ಮುಂದೆ ಬೇಲು, ಎಡಕ್ಕೆ ಬೇಲು, ಬಲಕ್ಕೆ, ತಲೆಯ ಮೇಲೆ... ಬಂದ ಸಂದು ಇರಲೇ ಇಲ್ಲ. ತಳ್ಳಿದೆ, ಭುಜ ಕೊಟ್ಟು ನೂಕಿದೆ. ಕದಲಲಿಲ್ಲ. ಮೊಣಕಾಲೂರಿ ಕೈ ಕೆಳಗಿಟ್ಟರೆ ಸಿಮೆಂಟು ನೆಲವಿಲ್ಲ. ಹಸಿ ಮಣ್ಣು. ಅದರಲ್ಲಿ ಕತ್ತರಿಸಿ ಉಳಿದ ಹುಲ್ಲಿನ ಮೋಟುಗಳು ಅಂಗೈಗೆ ಚುಚ್ಚಿದವು.

ಸರಕ್... ಸರಕ್...

ಆ ಮೋಟುಗಳನ್ನು ತುಳಿದುಕೊಂಡು ಯಾರೋ ಬರುತ್ತಿದ್ದರು.

ಮತ್ತೆ ಕರೆದಳು. ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡೆ. ಹೇಗೆ ಹೇಳಲಿ, ಬಿಕ್ಕಳಿಕೆ ಒತ್ತಿ ಬರುವ ಹಾಗೆ ಆ 'ಓ' ಗಂಟಲಿಗೆ ಒತ್ತಿ ಬರುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಈ ಸಲ ನಾನು ಉತ್ತರ ಕೊಡಲಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ, ಕೊಡಲಿಲ್ಲ.

"ಓ..."

ನನ್ನ ಬಲಗಿವಿಯ ಪಕ್ಕದಲ್ಲೇ, ಹುಲ್ಲಿನ ಒಳಗೆ. ನನ್ನದೇ ದನಿ.

ಹೆಜ್ಜೆಗಳು ಸೀದಾ ಅಲ್ಲಿಗೆ ಬಂದು ನಿಂತವು. ಹಸಿ ಹಾಲಿನ ವಾಸನೆ. ಯಾರೋ ಏದುಸಿರು ಬಿಡುತ್ತಿದ್ದರು. ಟಾರ್ಚ್ ಆರಿಸಿದೆನೋ, ತಾನೇ ಆರಿತೋ ತಿಳಿಯದು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆ ಎಂದೂ ತಿಳಿಯದು.

ಎಲ್ಲೋ ಮಸೀದಿಯ ಬೆಳಗಿನ ಬಾಂಗ್ ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು ದನಿ.

"ಜಗದೀಶಣ್ಣಾ... ಒಳಗೆ ಇದ್ದೀರಾ?"

ಹನೀಫಾಕ. ಅಥವಾ ಹನೀಫಾಕನ ಹಾಗೆ ಕರೆಯಬಲ್ಲದ್ದು. ನನ್ನ ದನಿ ಕಲಿತದ್ದಕ್ಕೆ ಅವರದ್ದು ಕಲಿಯುವುದು ಯಾವ ಲೆಕ್ಕ?

"ಜಗದೀಶಣ್ಣಾ..."

ಓಗೊಟ್ಟರೆ ಪಕ್ಕದಲ್ಲಿ ನಿಂತದ್ದಕ್ಕೆ ನಾನು ಎಲ್ಲಿ ಕುಳಿತಿದ್ದೇನೆಂದು ತಿಳಿಯುತ್ತದೆ. ಓಗೊಡದಿದ್ದರೆ ಹೊರಗಿನವರು ಹೋಗಿಬಿಡುತ್ತಾರೆ, ನಾನು ಇಲ್ಲೇ ಸಾಯುತ್ತೇನೆ. ಮೂರನೆಯ ಸಲ ಕರೆದ ದನಿ ಆಗಲೇ ಗೋಡೆಯ ಪಕ್ಕದಿಂದ ದೂರ ಸರಿಯುತ್ತಿತ್ತು. ಬಾಯಿ ತೆರೆಯಲಿಲ್ಲ. ಕತ್ತಲಲ್ಲಿ ತಡಕಾಡಿ ಕಂಬಿ ಹಿಡಿದು, ಆ ದನಿಯ ದಿಕ್ಕಿಗೆ ಬೇಲಿನೊಳಕ್ಕೆ ಮೈಯ ಭಾರವೆಲ್ಲ ಹಾಕಿ ನುಗ್ಗಿಸಿದೆ. ಹುಲ್ಲು ಬಿಟ್ಟುಕೊಟ್ಟಿತು. ತುದಿ ತಗಡಿಗೆ ಬಡಿಯಿತು. ಟಣ್. ಹುಚ್ಚು ಹಿಡಿದವನ ಹಾಗೆ ಬಡಿದೆ, ಬಡಿದೆ.

ಶಟರ್ ಎತ್ತಿದ ಸದ್ದು, ಓಡಿಬಂದ ಹೆಜ್ಜೆ, ಬೆಳಕು. ಹನೀಫಾಕ ರಟ್ಟೆ ಹಿಡಿದು ಎಳೆದರು. ನಾನು ಕೂತದ್ದು ಅದೇ ಸಂದಿನಲ್ಲಿ, ಅದರ ಬಾಯಿ ಆರಾಮವಾಗಿ ತೆರೆದೇ ಇತ್ತು.

"ಎಷ್ಟು ಕರೆದೆ ಮಾರಾಯ್ರೆ, ಒಂದು ಓ ಅಂದಿದ್ರೆ ಆಗ್ತಿತ್ತಲ್ಲ," ಎಂದರು. "ನಿಮ್ಮ ಹೆಂಡತಿ ರಾತ್ರಿಯಿಡೀ ನನಗೆ ಫೋನ್ ಮಾಡಿದ್ದಾರೆ. ನನ್ನದು ಸೈಲೆಂಟ್‌ನಲ್ಲಿತ್ತು. ಬಾಂಗಿಗೆ ಮೊದಲು ಎದ್ದು ನೋಡಿದವನೇ ಬಂದೆ."

ಆಮೇಲೆ ಅವರ ಕಣ್ಣು ನನ್ನ ಪ್ಯಾಂಟಿನ ಮೇಲೆ ಬಿತ್ತು. ಎರಡೂ ಮೊಣಕಾಲಿಗೆ ಕಪ್ಪು ಕೆಸರು ಮೆತ್ತಿತ್ತು. ಈ ಇಡೀ ದೇಶದಲ್ಲಿ ಅಂಥ ಮಣ್ಣು ನಾನು ಕಂಡಿಲ್ಲ.

"ಇದು ಎಲ್ಲಿಯ ಮಣ್ಣು?"

ಅವರು ಪ್ರಾರ್ಥನೆಯಂಥದ್ದೇನನ್ನೋ ಮೆಲ್ಲಗೆ ಓದಿಕೊಂಡು, "ಯಲ್ಲಾ, ಹೊರಗೆ ನಡೀರಿ ಮೊದಲು," ಎಂದರು. ಆಮೇಲೆ ಇವತ್ತಿನವರೆಗೆ ಆ ವಿಷಯ ಎತ್ತಿಲ್ಲ.

ಎರಡು ದಿನ ಬಿಟ್ಟು, ಜನರನ್ನು ಜೊತೆಗಿಟ್ಟುಕೊಂಡು, ಆ ಬಣವೆಗೆ ಕಂಬಿ ಚುಚ್ಚಿದೆ. ಎಲ್ಲದರಂತೆ ಬೆಚ್ಚಗಿತ್ತು. ಲೋಡು ಲಾಯಗಳಿಗೆ ಹೋಯಿತು, ಕುದುರೆಗಳು ತಿಂದು ಮುಗಿಸಿದವು, ಯಾವ ದೂರೂ ಬರಲಿಲ್ಲ. ತಡೆಯಲಾರದೆ ಯೂಹಾನಿಗೆ ಫೋನ್ ಮಾಡಿದೆ. ಆ ಕೊನೆಯ ಮನೆಯ ಕಡೆ ಸಂಜೆ ದನ ಕರೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

ಆ ರಸ್ತೆಯಲ್ಲಿ ಯಾರೂ ದನ ಸಾಕುವುದಿಲ್ಲ ಎಂದ. ಆಮೇಲೆ ದನಿ ತಗ್ಗಿಸಿದ.

"ನೀನು ಉತ್ತರ ಕೊಟ್ಟೆಯಾ?" ಎಂದು ಕೇಳಿದ.

"ಇಲ್ಲ," ಎಂದು ಸುಳ್ಳು ಹೇಳಿದೆ.

"ಒಳ್ಳೆಯದು," ಎಂದು ಫೋನ್ ಇಟ್ಟ. ಮತ್ತೆ ಅವನಿಗೆ ಫೋನ್ ಮಾಡುವ ಧೈರ್ಯ ನನಗಾಗಿಲ್ಲ.

ಅಂದಿನಿಂದ ಯಾರು ಕರೆದರೂ ನಾನು ಓ ಎನ್ನುವುದಿಲ್ಲ. ಎದ್ದು ಹೋಗಿ, ಮುಖ ನೋಡಿ, ಆಮೇಲೆ ಮಾತಾಡುತ್ತೇನೆ. ಕಿವುಡರನ್ನು ಕಟ್ಟಿಕೊಂಡ ಹಾಗಾಯಿತು ಎಂದು ಸವಿತಾ ಗೊಣಗುತ್ತಿದ್ದಳು. ನಡೆದದ್ದನ್ನು ಅವಳಿಗೆ ಹೇಳಿರಲಿಲ್ಲ. ಬಾಗಿಲು ಬಿದ್ದು ಒಳಗೆ ಸಿಕ್ಕಿಕೊಂಡಿದ್ದೆ ಎಂದಷ್ಟೇ ಹೇಳಿದ್ದೆ.

ಹೋದ ವಾರ ರಾತ್ರಿ ಮೊಸರು ತರಲು ಕೆಳಗಿನ ಬಕಾಲಾ ಅಂಗಡಿಗೆ ಹೋಗಿದ್ದೆ. ಸವಿತಾ ಅಡುಗೆಮನೆಯಲ್ಲಿದ್ದಳು, ನಾನು ಹೊರಟದ್ದು ಅವಳಿಗೆ ಗೊತ್ತಿರಲಿಲ್ಲ. ವಾಪಸು ಬಂದು ಚಪ್ಪಲಿ ಬಿಡುತ್ತಿದ್ದೆ. ಅವಳು ಸಾರಿನ ಪಾತ್ರೆ ಹಿಡಿದು ಹೊರಗೆ ಬಂದವಳು ನನ್ನನ್ನು ಕಂಡು ಹಾಗೇ ನಿಂತಳು.

"ಇದೇನ್ರೀ, ಹೊರಗಿಂದ ಬರ್ತಿದ್ದೀರ?"

"ಯಾಕೆ?"

"ಊಟಕ್ಕೆ ಬನ್ನಿ ಅಂತ ಆಗ್ಲಿಂದ ಕರೀತಿದ್ದೀನಿ. ಕರೆದಾಗ್ಲೆಲ್ಲ ರೂಮಿಂದ ಓ, ಓ ಅಂತಿದ್ರಲ್ಲ..."

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅನ್ವಿ ಮಲಗಿದ್ದಳು.

ಹೋಗಿ ತೆಗೆದೆ. ಮಗು ನಿದ್ದೆಯಲ್ಲಿತ್ತು, ಬೇರೆ ಯಾರೂ ಇರಲಿಲ್ಲ. ಎಸಿ ಹಾಕಿರಲಿಲ್ಲ. ಆದರೂ ಅವಳ ಕೆನ್ನೆ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಆ ರಾತ್ರಿ ಸವಿತಾಳಿಗೆ ಎಲ್ಲವನ್ನೂ ಹೇಳಿದೆ. ಈಗ ಮೂವರೂ ಮುಂದಿನ ಹಾಲ್‌ನಲ್ಲಿ ದೀಪ ಹಾಕಿಕೊಂಡೇ ಮಲಗುತ್ತೇವೆ. ಫ್ಲ್ಯಾಟ್ ಬದಲಿಸೋಣ ಎಂದು ಅವಳು ದಿನವೂ ಹೇಳುತ್ತಾಳೆ, ಬೇರೆ ಕಡೆ ಒಂದು ಮನೆ ನೋಡಿಯೂ ಬಂದಿದ್ದಾಳೆ. ನಾನು ಹೂಂ ಎನ್ನುತ್ತೇನೆ. ಅದು ಹುಡುಕಿಕೊಂಡು ಬಂದದ್ದು ಫ್ಲ್ಯಾಟನ್ನಲ್ಲ, ಓಗೊಟ್ಟವನನ್ನು ಎಂದು ಅವಳಿಗೆ ಹೇಗೆ ಹೇಳಲಿ?